ನೆಮೊನ ಸೋದರಮಾವ

ನಾನು ರೈಟರ್. ನಮ್ಮ ಸಕಲೇಶಪುರದ ಕಡೆ ಹೀಗಂದರೆ ‘ಯಾವ ಕಾದಂಬರಿ ಬರೆದಿದ್ದೀರಿ’ ಅಂತ ಯಾರೂ ಕೇಳುವುದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವವನು ಅಂತ ಎಲ್ಲರಿಗೂ ಗೊತ್ತು. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಗೊಬ್ಬರದ ಸ್ಟಾಕು, ಕೊಯ್ಲಿನ ದಿನ ಯಾರು ಎಷ್ಟು ಕೆ.ಜಿ. ಹಣ್ಣು ಬಿಡಿಸಿದರು, ಇಷ್ಟೇ ನನ್ನ ಸಾಹಿತ್ಯ. ಅಂಥವನು ಎರಡು ಮಳೆಗಾಲ ಕೂತು ಜೂಲ್ಸ್ ವರ್ನ್‌ನ ‘ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿಯ ಕೆಲವು ಅಧ್ಯಾಯಗಳನ್ನು ಕನ್ನಡಕ್ಕೆ ಮಾಡಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ, ನಲವತ್ತು ಪ್ರತಿ ಮಾಡಿಸಿದೆ. ಹೇಗೆ ಮಾಡಿದೆ ಅಂತ ಇಬ್ಬರು ಮೂವರು ಕೇಳಿದರು. ಅದಕ್ಕೇ ಇದು.

ಶುರುವಾದದ್ದು ಒಂದು ಜಗಳದಿಂದ. ಭಾನುವಾರ ಸಂಜೆ ನಾವು ಎಂಟು ಹತ್ತು ಜನ ಒಬ್ಬರ ಮನೆ ಜಗಲಿಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ಒಬ್ಬರು ಜೋರಾಗಿ ಓದಿ ಅರ್ಥ ಹೇಳುವುದು, ಉಳಿದವರು ಕೇಳುವುದು, ನಡುವೆ ಕಾಫಿ. ಆ ಸಲ ಎಲ್ಲರೂ ಪುಕ್ಕಟೆ ಸಿಗುವ ಇಂಗ್ಲಿಷ್ ಪ್ರತಿಯನ್ನು ಮೊಬೈಲಿಗೆ ಇಳಿಸಿಕೊಂಡು ಬಂದಿದ್ದರು. ದ್ವೀಪದಲ್ಲಿ ಸಿಕ್ಕಿಬಿದ್ದ ಒಂದು ಗುಂಪಿನ ಕತೆ ಅದು, ಅವರ ಮುಖಂಡ ಒಬ್ಬ ಎಂಜಿನಿಯರ್. ನನ್ನ ಪ್ರತಿಯಲ್ಲಿ ಅವನ ಹೆಸರು ಸೈರಸ್ ಹಾರ್ಡಿಂಗ್. ಎದುರು ಕೂತವರ ಪ್ರತಿಯಲ್ಲಿ ಸೈರಸ್ ಸ್ಮಿತ್. ‘ನಿಮ್ಮದು ಬೇರೆ ಪುಸ್ತಕ ಕಣ್ರೀ’ ಅಂತ ಅವರು, ‘ನಿಮ್ಮದೇ ಬೇರೆ’ ಅಂತ ನಾನು. ಕಾಫಿ ಆರಿ ಹೋಯಿತು.

ಮನೆಗೆ ಬಂದು ಹುಡುಕಿದೆ. ವರ್ನ್ ಬರೆದದ್ದು ಫ್ರೆಂಚಿನಲ್ಲಿ, 1874–75ರಲ್ಲಿ. ಅವನು ಇಟ್ಟ ಹೆಸರು ಸ್ಮಿತ್. 1875ರ ಇಂಗ್ಲಿಷ್ ಅನುವಾದದಲ್ಲಿ ಅದು ಹಾರ್ಡಿಂಗ್ ಆಗಿದೆ. ಆ ಅನುವಾದದ ಮೇಲೆ ಇರುವುದು ಕಿಂಗ್‌ಸ್ಟನ್ ಎಂಬ ಗಂಡಸಿನ ಹೆಸರು, ಕೆಲಸ ಮಾಡಿದ್ದು ಅವರ ಹೆಂಡತಿ ಆಗ್ನೆಸ್. ಇದೂ ಒಂದು ಟಿಪ್ಪಣಿಗೆ ಸಾಕಾಗುವ ಕತೆಯೇ, ಇರಲಿ. ಹೆಸರು ಬದಲಾದರೆ ಏನು ಮಹಾ ಅಂತ ಅನ್ನಿಸಿತ್ತು, ಕ್ಯಾಪ್ಟನ್ ನೆಮೊ ತನ್ನ ಕತೆ ಹೇಳುವ ಜಾಗಕ್ಕೆ ಬರುವ ತನಕ.

ನೆಮೊ ಗೊತ್ತಲ್ಲ, ನಾಟಿಲಸ್ ಜಲಾಂತರ್ಗಾಮಿಯ ಒಡೆಯ. ಅವನು ಬರುವ ಮೊದಲ ಕಾದಂಬರಿ ‘ಟ್ವೆಂಟಿ ಥೌಸಂಡ್ ಲೀಗ್ಸ್’ನಲ್ಲಿ ಅವನು ಯಾವ ದೇಶದವನು ಅಂತ ವರ್ನ್ ಹೇಳಲೇ ಇಲ್ಲ. ಅವನಿಗೆ ನೆಮೊನನ್ನು ರಷ್ಯನ್ನರ ಮೇಲೆ ಸೇಡು ಇಟ್ಟುಕೊಂಡ ಪೋಲೆಂಡಿನವನನ್ನಾಗಿ ಮಾಡುವ ಮನಸ್ಸಿತ್ತು, ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ‘ಮಿಸ್ಟೀರಿಯಸ್ ಐಲೆಂಡ್’ನ ಕೊನೆಗೆ ಗುಟ್ಟು ಬಿಡುತ್ತಾನೆ. ನೆಮೊ ಭಾರತದವನು, ಬುಂದೇಲಖಂಡದ ರಾಜನ ಮಗ, ಹೆಸರು ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿದವನು. ನಾವು ಓದುತ್ತಿದ್ದ ಪ್ರತಿಯ ಪ್ರಕಾರ ಅಪ್ಪ ಅವನನ್ನು ಹತ್ತನೇ ವಯಸ್ಸಿಗೆ ಯುರೋಪಿಗೆ ಕಳಿಸಿದ್ದು ಯಾಕೆ? ಹಾಳು ಬಿದ್ದ ತನ್ನ ದೇಶವನ್ನು ಮುಂದೆ ಅವನು ಯುರೋಪಿನ ಮಟ್ಟಕ್ಕೆ ಏರಿಸಲಿ ಅಂತ. ಇದನ್ನು ಓದಿದಾಗ ನಮ್ಮ ಗುಂಪಿನ ಒಬ್ಬ ಹೆಂಗಸು, ಪ್ರೈಮರಿ ಶಾಲೆಯ ಟೀಚರ್, ಕೈ ಎತ್ತಿಯೇ ಬಿಟ್ಟರು. ‘ಇಂಗ್ಲಿಷರನ್ನು ಕಂಡರೆ ಉರಿದು ಬೀಳುವ ಮಗನ ಅಪ್ಪ ಹೀಗೆ ಯೋಚಿಸುತ್ತಾನಾ?’

ಅವರ ಅನುಮಾನವೇ ಸರಿ. ಫ್ರೆಂಚ್ ಮೂಲ ಕಷ್ಟವೇನಿಲ್ಲದೆ ಸಿಗುತ್ತದೆ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದ ನನ್ನ ಅಕ್ಕನ ಮಗಳಿಗೆ ಆ ಪುಟದ ಫೋಟೊ ಕಳಿಸಿದೆ. ಅವಳು ಫೋನಿನಲ್ಲೇ ಓದಿ ಹೇಳಿದಳು. ಮೂಲದಲ್ಲಿ ಅಪ್ಪನ ಉದ್ದೇಶ ಗುಟ್ಟಿನದು. ತನ್ನ ದೇಶವನ್ನು ತುಳಿಯುತ್ತಿರುವವರ ಎದುರು ಮಗ ಒಂದು ದಿನ ಸರಿಸಮವಾಗಿ ನಿಂತು ಹೋರಾಡಲಿ ಅಂತ. ಪೂರ್ತಿ ತಿರುಗುಮುರುಗು! ‘ಇನ್ನೊಂದು ಇದೆ ಮಾಮ, ಹಿಂದಿನ ವಾಕ್ಯದಲ್ಲಿ ಟಿಪ್ಪು ಸಾಹೇಬನ ಹೆಸರಿದೆ’ ಅಂದಳು. ಡಕ್ಕರ್ ರಾಜಕುಮಾರ ‘ಭಾರತದ ವೀರ’ ಟಿಪ್ಪುವಿನ ಸಂಬಂಧಿಯಂತೆ.

ನಾನು ಆಗ ಎಲ್ಲಿ ಕೂತಿದ್ದೆ ಅಂದರೆ, ಆಫೀಸಿನ ಕಿಟಕಿಯ ಪಕ್ಕ. ಮಂಜು ಇಲ್ಲದ ದಿನ ಅಲ್ಲಿಂದ ಮಂಜರಾಬಾದ್ ಕೋಟೆಯ ಗುಡ್ಡ ಕಾಣುತ್ತದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರದ ಹಾಗೆ, ಅದೂ ಫ್ರೆಂಚ್ ಮಾದರಿಯಲ್ಲಿ. ಆ ಫೋನು ಇಟ್ಟ ಮೇಲೆ ಚೆಕ್‌ರೋಲ್ ಕಡೆ ಕೈ ಹೋಗಲಿಲ್ಲ.

ಇಷ್ಟು ಹೊತ್ತಿಗೆ ನಾನು ನಾಲ್ಕು ತಿಂಗಳು ಆ 1875ರ ಇಂಗ್ಲಿಷನ್ನೇ ಇಟ್ಟುಕೊಂಡು ಅರ್ಧ ನೋಟ್‌ಬುಕ್ ಟಿಪ್ಪಣಿ ಬರೆದಿದ್ದೆ. ಅಷ್ಟೂ ದಂಡ. ಟಿಪ್ಪಣಿ ಬರೆಯುವ ಮೊದಲು ಕೈಯಲ್ಲಿರುವುದು ಯಾರ ಮಾತು ಅಂತ ನೋಡಬೇಕಿತ್ತು, ನೋಡಲಿಲ್ಲ. ವರ್ನ್‌ನ ವಿಷಯದಲ್ಲಂತೂ ಇದು ಹಳೆಯ ರೋಗ. ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ ನನಗೆ ವಾಲ್ಟರ್ ಜೇಮ್ಸ್ ಮಿಲ್ಲರ್ ಟಿಪ್ಪಣಿ ಹಾಕಿದ ‘ಟ್ವೆಂಟಿ ಥೌಸಂಡ್ ಲೀಗ್ಸ್’ ಸಿಕ್ಕಿತ್ತು, 1976ರದು. ಆ ಕಾದಂಬರಿಯ ಹಳೆಯ ಇಂಗ್ಲಿಷ್ ಅನುವಾದಕ ಮರ್ಸಿಯರ್ ಎಂಬ ಪಾದ್ರಿ. ಹೆಚ್ಚುಕಡಿಮೆ ಕಾಲು ಭಾಗ ನುಂಗಿಹಾಕಿದ್ದಾನೆ ಅಂತ ಮಿಲ್ಲರ್ ಒಂದೊಂದೇ ಎತ್ತಿ ತೋರಿಸುತ್ತಾನೆ. ನೆಬ್ರಾಸ್ಕದ ‘ಬ್ಯಾಡ್‌ಲ್ಯಾಂಡ್ಸ್’ ಎಂಬ ಪ್ರದೇಶದ ಹೆಸರನ್ನು ಆ ಪುಣ್ಯಾತ್ಮ ‘ಹಿಡಿಸದ ಊರು’ ಅನ್ನುವ ಹಾಗೆ ಮಾಡಿಟ್ಟಿದ್ದಾನೆ. ಉಕ್ಕನ್ನು ನೀರಿಗಿಂತ ಹಗುರ ಮಾಡಿದ್ದಾನೆ. ನಿಜ ನೋಡಿದರೆ ಉಕ್ಕು ನೀರಿನ 7.8 ಪಟ್ಟು ಭಾರ. ಇಂಗ್ಲಿಷ್ ಓದುವವರು ನೂರು ವರ್ಷ ವರ್ನ್‌ಗೆ ವಿಜ್ಞಾನ ಬರುವುದಿಲ್ಲ ಅಂತ ನಕ್ಕರು. ತಪ್ಪು ಯಾರದೋ, ಪೆಟ್ಟು ಯಾರಿಗೋ.

‘ಮಿಸ್ಟೀರಿಯಸ್ ಐಲೆಂಡ್’ಗೆ ಒಳ್ಳೆಯ ಹೊಸ ಅನುವಾದಗಳು ಇವೆ, 2001ರಲ್ಲೇ ಎರಡು ಬಂದಿವೆ. ಆದರೆ ಅವಕ್ಕೆ ಹಕ್ಕು ಇದೆ, ಅದನ್ನು ಎತ್ತಿ ಹಾಕಿಕೊಳ್ಳುವ ಹಾಗಿಲ್ಲ. ವರ್ನ್ ತೀರಿಕೊಂಡದ್ದು 1905ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ಸತ್ತು 60 ವರ್ಷ ಆದರೆ ಮೂಲ ಎಲ್ಲರದ್ದು. ಅನುವಾದಕರ ಹಕ್ಕು ಮಾತ್ರ ಬೇರೆ ಲೆಕ್ಕ. ಅದಕ್ಕೇ ಪುಕ್ಕಟೆ ಸಿಗುವುದೆಲ್ಲ ಆ ಹಳೆಯ ಕೊಳೆತದ್ದೇ.

ಹಾಗಾಗಿ ಫ್ರೆಂಚಿನಿಂದಲೇ ಮಾಡೋಣ ಅಂತಾಯಿತು. ನನಗೆ ಫ್ರೆಂಚ್ ಬರುವುದಿಲ್ಲ. ಪೂರ್ತಿ ಕಾದಂಬರಿ ಆಗದ ಮಾತು, ನೆಮೊ ಬರುವ ಅಧ್ಯಾಯಗಳು ಮತ್ತು ಮುಂಚಿನ ಎರಡು ಮೂರು ತುಣುಕು ಸಾಕು ಅಂದುಕೊಂಡೆ. ಹಳೆಯ ಎಸ್ಟೇಟ್ ಲೆಡ್ಜರ್ ಒಂದು ಖಾಲಿ ಇತ್ತು. ಅದರಲ್ಲಿ ಜಮಾ, ಖರ್ಚು, ಬಾಕಿ ಅಂತ ಗೆರೆ ಎಳೆದ ಮೂರು ಕಾಲಮ್ಮು. ಮೊದಲನೆಯದರಲ್ಲಿ ಫ್ರೆಂಚ್ ವಾಕ್ಯ, ಎರಡನೆಯದರಲ್ಲಿ ಹಳೆಯ ಇಂಗ್ಲಿಷ್, ಮೂರನೆಯದರಲ್ಲಿ ನನ್ನ ಕನ್ನಡ. ಒಂದಕ್ಕೊಂದು ತಾಳೆಯಾಗದ ಕಡೆ ಕೆಂಪು ಇಂಕು. ಅಕ್ಕನ ಮಗಳು ಭಾನುವಾರ ಬೆಳಿಗ್ಗೆ ಒಂದು ಗಂಟೆ ಫೋನಿನಲ್ಲಿ ಕೂರುತ್ತಿದ್ದಳು. ಜುಲೈನಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ, ಆಗ ಡಿಕ್ಷನರಿಯೇ ಗತಿ. ನೆಮೊನ ಕತೆಯ ಅಧ್ಯಾಯದಲ್ಲಿ ಕೆಂಪು ಎಷ್ಟಾಯಿತೆಂದರೆ ಆಡಿಟರ್ ನೋಡಿದ್ದರೆ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರು.

ಈಗ ಸೋದರಮಾವನ ವಿಷಯ. ಡಕ್ಕರ್ ಟಿಪ್ಪುವಿಗೆ ಏನಾಗಬೇಕು ಅನ್ನುವುದಕ್ಕೆ ಫ್ರೆಂಚಿನಲ್ಲಿರುವ ಶಬ್ದ ಇಂಗ್ಲಿಷಿನ ‘ನೆಫ್ಯೂ’ ಇದ್ದ ಹಾಗೆ. ಅಣ್ಣನ ಮಗನೋ, ತಂಗಿಯ ಮಗನೋ ಹೇಳುವುದಿಲ್ಲ. ಕನ್ನಡದಲ್ಲಿ ಹಾಗೆ ತೇಲಿಸಿ ಹೋಗಲು ಆಗುತ್ತದಾ? ಅಳಿಯ ಅನ್ನಬೇಕು ಇಲ್ಲ ಮಗ ಅನ್ನಬೇಕು. ಡಕ್ಕರನ ಅಪ್ಪ ಬುಂದೇಲಖಂಡದ ರಾಜ, ಅವನು ಟಿಪ್ಪುವಿನ ಅಣ್ಣತಮ್ಮ ಆಗಲಾರ. ಅಂದರೆ ಸಂಬಂಧ ತಾಯಿಯ ಕಡೆಯಿಂದಲೇ ಬರಬೇಕು. ಸೋದರಳಿಯ ಅಂತ ಬರೆದೆ. ಬರೆದ ಮೇಲೆ ಲೆಕ್ಕದ ಬುದ್ಧಿ ಸುಮ್ನೆ ಇರಬೇಕಲ್ಲ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದದ್ದು 1799ರ ಮೇ 4ರಂದು. ಡಕ್ಕರ್ ಮೂವತ್ತರ ತನಕ ಯುರೋಪಿನಲ್ಲಿದ್ದು 1849ರಲ್ಲಿ ವಾಪಸು ಬಂದ ಅಂತ ಕಾದಂಬರಿಯೇ ಹೇಳುತ್ತದೆ, ಅಂದರೆ ಹುಟ್ಟಿದ್ದು 1819ರ ಆಸುಪಾಸು. ಮಾವ ಸತ್ತು ಇಪ್ಪತ್ತು ವರ್ಷಕ್ಕೆ ಅಳಿಯ! ‘ಇದು ಅಸಾಧ್ಯ, ವರ್ನ್ ಎಡವಿದ್ದಾನೆ’ ಅಂತ ಗತ್ತಿನಲ್ಲಿ ಟಿಪ್ಪಣಿ ಹಾಕಿದೆ.

ಭಾನುವಾರ ಅದನ್ನು ಓದಿದಾಗ ಅದೇ ಟೀಚರ್ ಬೆರಳು ಮಡಿಚಿ ಲೆಕ್ಕ ಹಾಕಿದರು. ಹೈದರ್ ಅಲಿ ಸತ್ತದ್ದು 1782ರ ಡಿಸೆಂಬರಿನಲ್ಲಿ. ಆ ವರ್ಷ ಒಬ್ಬಳು ಮಗಳು ಹುಟ್ಟಿದ್ದಳು ಅಂತ ಇಟ್ಟುಕೊಂಡರೆ 1819ಕ್ಕೆ ಅವಳಿಗೆ 37. ‘ನಮ್ಮ ಅತ್ತೆ ಕೊನೇ ಮಗ ಹೆತ್ತಾಗ ಅವರಿಗೆ ನಲವತ್ತು’ ಅಂದರು. ನಾನು ‘ಅಸಾಧ್ಯ’ ಹೊಡೆದುಹಾಕಿ ‘ಲೆಕ್ಕಕ್ಕೆ ಕೂರುತ್ತದೆ, ಕತೆಗೆ ಮಾತ್ರ’ ಅಂತ ಬರೆದೆ. ಆ ತಿದ್ದುಪಡಿ ನನಗೆ ಈಗಲೂ ಇಷ್ಟ. ನಿಜವಾಗಿ ತಾರೀಖು ಕೈಕೊಡುವುದು ಬೇರೆ ಕಡೆ. ಮೊದಲ ಕಾದಂಬರಿ ಮುಗಿಯುವುದು 1868ರ ಜೂನಿನಲ್ಲಿ, ಈ ಕಾದಂಬರಿಯಲ್ಲಿ ನೆಮೊ ಮುದುಕನಾಗಿ ಸಾಯುವುದು ಅದೇ 1868ರ ಅಕ್ಟೋಬರಿನಲ್ಲಿ. ತಾರೀಖುಗಳು ಹೊಂದುವುದಿಲ್ಲ ಅಂತ ಫ್ರೆಂಚ್ ಪ್ರತಿಯಲ್ಲೇ ಅಡಿಟಿಪ್ಪಣಿ ಇದೆ. ಅದಕ್ಕೆ ನಾನು ಇನ್ನೊಂದು ಟಿಪ್ಪಣಿ ಹಾಕುವ ಅಗತ್ಯ ಇರಲಿಲ್ಲ.

ಎಲ್ಲಿ ಟಿಪ್ಪಣಿ ಹಾಕಬೇಕು ಅನ್ನುವುದಕ್ಕೆ ನನಗೆ ದಾರಿ ತೋರಿಸಿದ್ದು ಗಮಕ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಕುಮಾರವ್ಯಾಸ ಭಾರತದ ವಾಚನಕ್ಕೆ ಹೋಗುತ್ತಿದ್ದೆ. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಒಳ್ಳೆಯ ವ್ಯಾಖ್ಯಾನಕಾರರು ಸಭೆಯ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದರು. ಕೆಲವರು ನಿಲ್ಲಿಸುತ್ತಿರಲಿಲ್ಲ, ಅಷ್ಟು ಹೊತ್ತೂ ಪದ್ಯ ಅಲ್ಲೇ ಕಾಯುತ್ತಾ ಕೂತಿರುತ್ತಿತ್ತು. ನಾನು ಮಾಡಿದ್ದಿಷ್ಟು: ಕರಡನ್ನು ಜಗಲಿಯಲ್ಲಿ ಓದಿಸಿ, ಯಾರು ಎಲ್ಲಿ ತಡೆದರೋ ಅಲ್ಲಿ ಪೆನ್ಸಿಲ್ ಚುಕ್ಕಿ ಇಟ್ಟೆ. ಚುಕ್ಕಿ ಬಿದ್ದ ಕಡೆ ಮಾತ್ರ ಟಿಪ್ಪಣಿ. ಮಂಜರಾಬಾದ್ ಬಗ್ಗೆ ನಾನು ಒಂದೂವರೆ ಪುಟ ಬರೆದಿದ್ದೆ. ಅಲ್ಲಿ ಒಂದೂ ಚುಕ್ಕಿ ಇಲ್ಲ, ನಮ್ಮವರಿಗೆ ಕೋಟೆ ಗೊತ್ತೇ ಇದೆ. ಎರಡು ಸಾಲಿಗೆ ಇಳಿಸಿದೆ. ಒಬ್ಬ ಫ್ರೆಂಚ್ ಲೇಖಕನಿಗೆ ಟಿಪ್ಪು ವೀರನಾಗಿ ಕಂಡದ್ದು ಯಾಕೆ ಅನ್ನುವುದಕ್ಕೆ ಅಷ್ಟು ಸಾಕು.

‘ಲೀಗ್’ ಅಂದರೆ ಎಷ್ಟು ಅನ್ನುವ ಕಡೆ ಎಲ್ಲರೂ ನಿಂತರು. ನಮ್ಮ ಅಜ್ಜಂದಿರ ಹರದಾರಿಯ ಹತ್ತಿರ ಬರುತ್ತದೆ ಅಂದೆ. ವರ್ನ್‌ನದು 4 ಕಿ.ಮೀ., ಹರದಾರಿ ಸುಮಾರು ಮೂರು ಮೈಲಿ. ಇಪ್ಪತ್ತು ಸಾವಿರ ಅನ್ನುವುದು ಆಳ ಅಲ್ಲ, ಸಮುದ್ರದೊಳಗೆ ತಿರುಗಿದ ದೂರ, ಭೂಮಿಯನ್ನು ಎರಡು ಸುತ್ತು ಹಾಕಿದಷ್ಟು. ಇದು ಗೊತ್ತಾದಾಗ ಅರ್ಧ ಜನಕ್ಕೆ ಆಶ್ಚರ್ಯ. ಇನ್ನೊಂದು ಚುಕ್ಕಿ ಬಿದ್ದದ್ದು ಸಿಲೋನಿನ ಮುತ್ತಿನ ಅಧ್ಯಾಯದಲ್ಲಿ. ಅದನ್ನು ಮೊದಲ ಕಾದಂಬರಿಯಿಂದ ತೆಗೆದು ಮುಂದೆ ಸೇರಿಸಿದ್ದೆ. ಮುತ್ತು ತೆಗೆಯುವ ಬಡವನನ್ನು ಶಾರ್ಕಿನಿಂದ ಉಳಿಸಿದ ಮೇಲೆ ನೆಮೊ ಒಂದು ಮಾತು ಹೇಳುತ್ತಾನೆ. ಮರ್ಸಿಯರ್ ಪ್ರಕಾರ ಆ ಮನುಷ್ಯ ‘ಒಂದು ತುಳಿತಕ್ಕೊಳಗಾದ ದೇಶದವನು’. ಫ್ರೆಂಚಿನಲ್ಲಿ ಹಾಗಿಲ್ಲ. ‘ತುಳಿತಕ್ಕೊಳಗಾದವರ ನಾಡಿನವನು, ಕೊನೆಯುಸಿರಿನ ತನಕ ನಾನೂ ಆ ನಾಡಿನವನೇ’. ಆ ನಾಡು ನಕಾಶೆಯಲ್ಲಿಲ್ಲ. ಇದಕ್ಕೆ ಮೂರು ಸಾಲಿನ ಟಿಪ್ಪಣಿ ಬರೆಯಲು ಮೂರು ವಾರ ಹಿಡಿಯಿತು.

ಎರಡು ವಾಚಿನ ಗಾಜಿನ ನಡುವೆ ನೀರು ತುಂಬಿ ಎಂಜಿನಿಯರ್ ಬೆಂಕಿ ಮಾಡುತ್ತಾನಲ್ಲ, ಅದನ್ನು ಫೆಬ್ರವರಿ ಬಿಸಿಲಿನಲ್ಲಿ ಮಾಡಿ ನೋಡಿದೆವು. ಏನೂ ಆಗಲಿಲ್ಲ. ನಮ್ಮ ಗಾಜು ಚಪ್ಪಟೆ, ಆಗಿನ ಜೇಬಿನ ಗಡಿಯಾರದ ಗಾಜು ಉಬ್ಬು. ಟಿಪ್ಪಣಿ ಒಂದೇ ಸಾಲು.

ಪ್ರಿಂಟಿಗೆ ಹಾಸನಕ್ಕೆ ಹೋದೆ. ಅಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದ ನನ್ನ ಫೈಲನ್ನು ಯೂನಿಕೋಡಿಗೆ ತಿರುಗಿಸಿದರು. ಅಕ್ಷರಗಳು ಸರಿಯಾಗಿ ಬಂದವು, ಟಿಪ್ಪಣಿಯ ನಂಬರುಗಳು ಒಂದೊಂದು ಮುಂದಕ್ಕೆ ಹಾರಿದವು. ನಾನು ಮೊದಲ ನಾಲ್ಕು ಪುಟ ನೋಡಿ ಸರಿ ಅಂದುಬಿಟ್ಟಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ತೆಗೆದು ನೋಡಿದರೆ ಟಿಪ್ಪುವಿನ ಎದುರು ಮುತ್ತಿನ ಸಿಂಪಿಯ ವಿವರಣೆ, ಹರದಾರಿಯ ಎದುರು ಹೈದರ್ ಅಲಿ. ನಲವತ್ತೂ ಪ್ರತಿಗೆ ಸ್ಪೈರಲ್ ಹಾಕಿಸಿ ಆಗಿತ್ತು. ಇನ್ನೊಮ್ಮೆ ದುಡ್ಡು ಹಾಕುವ ಶಕ್ತಿ ಇರಲಿಲ್ಲ. ಆರು ರಾತ್ರಿ ಕೂತು ಒಂದೊಂದು ಪ್ರತಿಯಲ್ಲೂ ನಂಬರು ಹೊಡೆದು ಕೆಂಪು ಪೆನ್ನಿನಲ್ಲಿ ತಿದ್ದಿದೆ. ರೈಟರ್ ಕೆಲಸವೇ ಅಲ್ವಾ.

ಇಂಥದ್ದಕ್ಕೆ ಕೈ ಹಾಕುವವರು ಮಾರ್ಜಿನ್ ಅಗಲ ಬಿಡಿ, ಮೂರು ಬೆರಳಾದರೂ ಇರಲಿ. ನಾನು ಬಿಟ್ಟದ್ದು ನನ್ನ ಟಿಪ್ಪಣಿಗೆ, ಉಪಯೋಗಕ್ಕೆ ಬಂದದ್ದು ಓದುವವರಿಗೆ. ಕಾದಂಬರಿಯಲ್ಲಿ ದ್ವೀಪದ ಗುಂಪಿನ ಹುಡುಗನ ಜೇಬಿನ ಅಸ್ತರಿನಲ್ಲಿ ಒಂದೇ ಒಂದು ಗೋಧಿ ಕಾಳು ಸಿಗುವ ಸನ್ನಿವೇಶ ಇದೆ. ಎಂಜಿನಿಯರ್ ಕೂತು ಗುಣಿಸುತ್ತಾನೆ: ಮೊದಲ ಬೆಳೆಗೆ 800 ಕಾಳು, ಎರಡನೆಯದಕ್ಕೆ 6,40,000, ಮೂರನೆಯದಕ್ಕೆ 51 ಕೋಟಿ 20 ಲಕ್ಷ, ನಾಲ್ಕನೆಯದಕ್ಕೆ 40 ಸಾವಿರ ಕೋಟಿಗೂ ಮೇಲೆ. ನಾನು ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿ, ‘ಗುಣಾಕಾರ ಸರಿಯಾಗಿದೆ’ ಅಂತ ಟಿಪ್ಪಣಿ ಹಾಕಿದ್ದೆ. ಗದ್ದೆ ಮಾಡುವ ಒಬ್ಬರು ಓದಿ ವಾಪಸು ಕೊಟ್ಟ ಪ್ರತಿಯಲ್ಲಿ ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದಿದ್ದಾರೆ: ‘ಆನೆ ಬರುವ ಲೆಕ್ಕ ಬಿಟ್ಟಿದ್ದೀರಿ.’ ಮುಂದಿನ ಸಲ ಅದನ್ನೂ ನಂಬರು ಕೊಟ್ಟು ಹಾಕುತ್ತೇನೆ.