ಡ್ಯಾನಿಶ್‌ನ ಉದ್ದುದ್ದ ಪದಗಳನ್ನು ಬಿಡಿಸುವುದು ಹೇಗೆ?

ಮಗು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಡೆನ್ಮಾರ್ಕಿನ ಓರ್ಹುಸ್ ನಗರದ ನಮ್ಮ ಮನೆಗೆ ಯಾರೋ ಬರುತ್ತಾರೆ ಅಂತ ಸಂದೇಶ ಬಂತು. ಯಾರು ಅಂದರೆ ‘ಸುಂಡ್‌ಹೆಡ್ಸ್‌ಪ್ಲೆಯೆರ್‌ಸ್ಕೆ’. (ಇಲ್ಲಿ ಉಚ್ಚಾರಣೆ ಬಿಟ್ಟು ಡ್ಯಾನಿಶ್ ಬರಹವನ್ನೇ ಅನುಸರಿಸಿದ್ದೇನೆ.) ನಾನು ‘ಸುಂಡ್-ಹೆಡ್-ಸ್ಪ್ಲೆ’ ಅಂತ ನಾಲಿಗೆ ನಿಂತಲ್ಲಿ ಮುರಿದು ಓದಿದೆ. ಏನೂ ತಿಳಿಯಲಿಲ್ಲ.

ಎಡವಿದ್ದು ಆ ‘ಸ್’ನಲ್ಲಿ. ಅದು ಮುಂದಿನ ಪದದ್ದಲ್ಲ, ಎರಡು ಪದಗಳ ನಡುವಿನ ಹೊಲಿಗೆ. ‘ಸುಂಡ್‌ಹೆಡ್’ ಅಂದರೆ ಆರೋಗ್ಯ, ‘ಪ್ಲೆಯೆರ್‌ಸ್ಕೆ’ ಅಂದರೆ ಆರೈಕೆ ಮಾಡುವಾಕೆ. ಮಗುವನ್ನು ನೋಡಲು ಮನೆಗೇ ಬರುವ ನರ್ಸ್!

ಹಾಗಾಗಿ ಉಚ್ಚಾರದ ತುಂಡುಗಳನ್ನು ಎಣಿಸಬೇಡಿ, ಪದಗಳನ್ನು ಹುಡುಕಿ. ಅದೂ ಹಿಂದಿನಿಂದ. ನಮ್ಮ ‘ಮನೆಬಾಗಿಲು’ ಕೊನೆಗೂ ಬಾಗಿಲೇ ಅಲ್ವಾ? ಅಲ್ಲೂ ಕೊನೆಯ ಪದವೇ ಯಜಮಾನ. ಪದದ ಮುಂದೆ ‘ಒಂದು’ ಅನ್ನಲು ‘ಎನ್’ ಬರಬೇಕೋ ‘ಎಟ್’ ಬರಬೇಕೋ ಅನ್ನುವುದನ್ನೂ ಅದೇ ಹೇಳುತ್ತದೆ. ವೈನ್‌ಗೆ ‘ಎನ್ ವೀನ್’, ಲೋಟಕ್ಕೆ ‘ಎಟ್ ಗ್ಲಾಸ್’. ಆದ್ದರಿಂದ ವೈನ್ ಲೋಟ ‘ಎಟ್ ವೀನ್‌ಗ್ಲಾಸ್’.

ಇದರಲ್ಲಿ ಹೊಲಿಗೆ ಇಲ್ಲ. ಆದರೆ ಕೆಂಪು ವೈನಿನ ಲೋಟ ‘ರೋಡ್‌ವೀನ್ಸ್‌ಗ್ಲಾಸ್’. ‘ರೋಡ್‌ವೀನ್’ ಮೊದಲೇ ಜೋಡಿಪದ, ಅದಕ್ಕೇ ಅದರ ಬೆನ್ನಿಗೆ ‘ಸ್’ ಬಂತು. ಕೆಂಪಗಿರುವುದು ವೈನು, ಲೋಟ ಅಲ್ಲ ಅಂತ ಆ ಒಂದು ಅಕ್ಷರವೇ ಹೇಳುತ್ತದೆ. ನನಗೆ ಈ ಭಾಷೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ‘ಹೆಡ್’, ‘ಇಂಗ್’, ‘ಸ್ಕಾಬ್’, ‘ಟಿಯೋನ್’ಗಳಿಂದ ಮುಗಿಯುವ ಪದಗಳಿಗೆ ಇನ್ನೊಂದು ಪದ ಸೇರುವಾಗಲೂ ಸಾಮಾನ್ಯವಾಗಿ ನಡುವೆ ‘ಸ್’ ಬರುತ್ತದೆ. ಕೆಲವು ಕಡೆ ಹೊಲಿಗೆ ‘ಎ’: ಮಗು ‘ಬಾರ್ನ್’, ಅದನ್ನು ಕೂರಿಸುವ ತಳ್ಳುಗಾಡಿ ‘ಬಾರ್ನೆವೋಗ್ನ್’.

ಈಗ ಪೆನ್ಸಿಲ್ ಹಿಡಿಯಿರಿ. ಉದ್ದದ ಪದ ಅಂದಾಗ ಎಲ್ಲರೂ ತೋರಿಸುವ 51 ಅಕ್ಷರಗಳ ಪದ ಒಂದಿದೆ. ದಿನಬಳಕೆಯದ್ದಲ್ಲ, ಅಭ್ಯಾಸಕ್ಕೆ ಚೆನ್ನಾಗಿದೆ. ಗೆರೆ ಹಾಕಿದರೆ ಹೀಗೆ:

ಸ್ಪೆಸಿಯಾಲ್ | ಲೇಗೆ | ಪ್ರಾಕ್ಸಿಸ್ | ಪ್ಲಾನ್‌ಲೇಗ್ನಿಂಗ್ + ಸ್ | ಸ್ಟಾಬಿಲಿಸೇರಿಂಗ್ + ಸ್ | ಪೆರಿಯೋಡೆ

ಹಿಂದಿನಿಂದ ಬನ್ನಿ: ಅವಧಿ. ಯಾವುದರದ್ದು? ಸ್ಥಿರಗೊಳಿಸುವುದರದ್ದು. ಏನನ್ನು? ಯೋಜನೆಯನ್ನು. ಯಾವುದರ ಯೋಜನೆ? ತಜ್ಞ ವೈದ್ಯರ ಕ್ಲಿನಿಕ್‌ಗಳದ್ದು. ‘ಸ್’ಗಳನ್ನು ಹತ್ತಿರದಿಂದ ನೋಡಿ. ‘ಪ್ರಾಕ್ಸಿಸ್’ನ ಕೊನೆಯದು ಆ ಪದದ ಸ್ವಂತದ್ದು. ಮಧ್ಯದಲ್ಲಿ ಎರಡು ‘ಸ್’ ಒತ್ತಾಗಿ ನಿಂತಿವೆ: ಮೊದಲನೆಯದು ಹೊಲಿಗೆ, ಎರಡನೆಯದು ‘ಸ್ಟಾಬಿಲಿಸೇರಿಂಗ್’ನದು. ಒಂದನ್ನು ಬಿಟ್ಟರೂ ಕಾಗುಣಿತ ತಪ್ಪು.

ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದರೂ ಈ ಗೆರೆಗಳಲ್ಲೇ ಒಡೆಯಿರಿ. ಹೊಲಿಗೆಯ ‘ಸ್’ ಹಿಂದಿನ ತುಂಡಿನ ಜೊತೆಗೇ ಉಳಿಯಲಿ.

ಬರೆಯುವಾಗ ಮಾತ್ರ ಸುಮ್ನೆ ಜಾಗ ಬಿಡಬೇಡಿ. ‘ಡಾನ್ಸ್ಕ್‌ಲೇರರ್’ ಡ್ಯಾನಿಶ್ ಕಲಿಸುವವರು. ಬಿಡಿಸಿ ‘ಡಾನ್ಸ್ಕ್ ಲೇರರ್’ ಅಂದರೆ ಡೆನ್ಮಾರ್ಕಿನ ಶಿಕ್ಷಕರು, ಅವರು ಗಣಿತ ಕಲಿಸುತ್ತಿರಬಹುದು. ಮಾತಿನಲ್ಲೂ ವ್ಯತ್ಯಾಸ ಕೇಳಿಸುತ್ತದೆ: ಕೂಡಿಸಿದಾಗ ಒತ್ತು ‘ಡಾನ್ಸ್ಕ್’ ಮೇಲೆ ಜಾಸ್ತಿ, ಬಿಡಿಸಿದಾಗ ‘ಲೇರರ್’ ಮೇಲೆ.