ಬಲೆ ಎಳೆಯುವಾಗ ಮಾತ್ರ ಕೂಗುತ್ತಿದ್ದ ಬಜರ್

ಒಂದು ಮೀನುಗಾರಿಕೆ ಬೋಟಿನಲ್ಲಿ ಎಚ್ಚರಿಕೆಯ ಬಜರ್ ಕೂಗಿದ ಮಾತ್ರಕ್ಕೆ ಅದರ ಎಂಜಿನ್ ಬಿಚ್ಚಬೇಕಾಗಿಲ್ಲ ಎಂದು ರಿಪೇರಿಗೆ ಹೋದ ನಾನು ಹೇಳಿದಾಗ, ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ನಂಬಿದವರು ಕಡಿಮೆ. ಈಗ ಆ ಬೋಟು ಒಂದು ಇಡೀ ಋತುವನ್ನು ಬಜರ್ ಕಾಟವಿಲ್ಲದೆ ಮುಗಿಸಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಅದು ಇಪ್ಪತ್ತು ವರ್ಷ ದಾಟಿದ ಮರದ ಟ್ರಾಲ್ ಬೋಟು, ಆರು ಸಿಲಿಂಡರಿನ ಡೀಸೆಲ್ ಎಂಜಿನ್, 24 ವೋಲ್ಟ್ ವೈರಿಂಗ್. ಆಯಿಲ್ ಒತ್ತಡ ಇಳಿದರೆ ಎಚ್ಚರಿಸುವ ಆಯಿಲ್ ಸ್ವಿಚ್ಚಿಗೂ, ಎಂಜಿನ್ನಿನ ನೀರು ಕಾದರೆ ಎಚ್ಚರಿಸುವ ಬಿಸಿಯ ಸ್ವಿಚ್ಚಿಗೂ ಸೇರಿ ಒಂದೇ ಬಜರ್. ದಕ್ಕೆಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ಸುಮ್ಮನಿರುತ್ತಿದ್ದ ಅದು, ಸಮುದ್ರದಲ್ಲಿ ಬಲೆಯ ಹಗ್ಗ ಸುತ್ತಿ ಎಳೆಯುವ ವಿಂಚಿಗೆ ಭಾರ ಬಿದ್ದು ಬಲೆ ಮೇಲೆ ಬರತೊಡಗಿದ ಕೂಡಲೇ ಕೂಗುತ್ತಿತ್ತು.

ನನ್ನ ಬಳಿಗೆ ಬರುವ ಮೊದಲೇ ಮಾಲಕರು ಸಾಕಷ್ಟು ಹಣ ಸುರಿದಿದ್ದರು. ಆಯಿಲ್ ಮತ್ತು ಫಿಲ್ಟರ್ ಬದಲಾವಣೆಗೆ ಏಳೆಂಟು ಸಾವಿರ ಹೋಯಿತು. ಆಯಿಲ್ ಸ್ವಿಚ್ಚನ್ನು ಎರಡು ಬಾರಿ ಬದಲಾಯಿಸಿದರು. ಎರಡನೆಯದು ಯಾವುದೋ ಲಾರಿಯದು, ಅದರ ಸೆಟ್ಟಿಂಗ್ ಹೆಚ್ಚಿದ್ದುದರಿಂದ ಎಂಜಿನ್ ಬಿಸಿಯಾಗಿ ಸ್ಲೋ ಓಡುವಾಗಲೂ ಬಜರ್ ಕೂಗತೊಡಗಿ, ಇದ್ದ ರೋಗದ ಜೊತೆಗೆ ಹೊಸದೊಂದು ಸೇರಿತು. ಅದನ್ನು ತೆಗೆದು, ಒತ್ತಡ ಅರ್ಧ ಕೆಜಿಗಿಂತ ಇಳಿದಾಗ ಮಾತ್ರ ಕೂಗಿಸುವ ಸರಿಯಾದ ಸ್ವಿಚ್ಚು ಹಾಕುವುದೇ ನನ್ನ ಮೊದಲ ಕೆಲಸವಾಯಿತು. ಬೋಟನ್ನು ದಡಕ್ಕೆ ಎಳೆಸಿ, ತಳದ ಕೂಲಿಂಗ್ ಪೈಪಿಗೆ ಕಚ್ಚಿಕೊಂಡಿದ್ದ ಚಿಪ್ಪುಗಳನ್ನು ಕೆರೆಸಿದ್ದಕ್ಕೆ ಹದಿನೈದು ಸಾವಿರದ ಹತ್ತಿರ ಬಿತ್ತು. ಕೊನೆಗೆ ಒಂದು ವರ್ಕ್‌ಶಾಪಿನವರು ಕ್ರ್ಯಾಂಕಿನ ಬೇರಿಂಗ್ ಸವೆದಿದೆ, ಎಲ್ಲವನ್ನೂ ಬಿಚ್ಚಬೇಕು, ಒಂದೂವರೆ ಲಕ್ಷವಾದರೂ ಆದೀತು ಎಂದರು. ಆಗಸ್ಟಿನಲ್ಲಿ ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಮೀನು ಚೆನ್ನಾಗಿ ಸಿಗುವ ಹೊತ್ತಿನಲ್ಲಿ, ಆಳುಗಳಿಗೆ ಮುಂಗಡ ಕೊಟ್ಟಾದ ಮೇಲೆ ಬೋಟು ಕಟ್ಟಿ ನಿಲ್ಲಿಸಿದರೆ ಆಗುವ ನಷ್ಟ ಆ ಲೆಕ್ಕದಲ್ಲಿ ಸೇರಿರಲಿಲ್ಲ.

ನಾನು ಆಯಿಲ್ ಸ್ವಿಚ್ಚಿನ ಜಾಗಕ್ಕೆ ಕವಲಿರುವ ಟೀ ಜೋಡಣೆ ಹಾಕಿ, ಒಂದು ಬದಿಗೆ ಸ್ವಿಚ್ಚನ್ನೂ ಇನ್ನೊಂದು ಬದಿಗೆ ಒತ್ತಡ ತೋರಿಸುವ ಮುಳ್ಳಿನ ಗೇಜನ್ನೂ ಕೂರಿಸಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಲೋದಲ್ಲಿ ಒಂದೂವರೆ ಕೆಜಿ, ಓಟದಲ್ಲಿ ನಾಲ್ಕರ ಆಸುಪಾಸು ತೋರಿಸಿತು. ನೀರಿನ ಬಿಸಿ 80 ಡಿಗ್ರಿ. ಬೇರಿಂಗ್ ಹೋದ ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಹೀಗೆ ನಿಲ್ಲುವುದಿಲ್ಲ. "ದಕ್ಕೆಯಲ್ಲಿ ಎಲ್ಲ ಸರಿಯೇ ಉಂಟು ಮಾರಾಯ್ರೆ, ಬಲೆ ಎಳೆಯುವಾಗ ನೋಡಿ ಹೇಳಿ" ಎಂದು ಬೋಟು ನಡೆಸುವ ತಾಂಡೇಲರು ಹೇಳಿದ್ದು ನ್ಯಾಯವಾದ ಮಾತೇ ಆಗಿತ್ತು. ಆದ್ದರಿಂದ ನಾನೂ ಜೊತೆಗೆ ಹೋದೆ.

ಹೊರಡುವ ಮೊದಲು ಪ್ಯಾನೆಲಿನ ಹಿಂದೆ ಒಟ್ಟಿಗೆ ತಿರುಚಿಟ್ಟಿದ್ದ ಎರಡು ಸ್ವಿಚ್ಚುಗಳ ವೈರುಗಳನ್ನು ಬೇರ್ಪಡಿಸಿ, ಬಜರನ್ನು ಕಳಚಿ, ಆಯಿಲಿಗೆ ಹಸಿರು, ಬಿಸಿಗೆ ಕೆಂಪು ಎಂದು 24 ವೋಲ್ಟಿನ ಎರಡು ಪುಟ್ಟ ದೀಪಗಳನ್ನು ಚುಕ್ಕಾಣಿಯ ಎದುರಿಗೆ ಹಾಕಿದೆ. ಕೂಗುತ್ತಿರುವುದು ಯಾರು ಎಂದು ತಿಳಿಯದೆ ಇಷ್ಟು ಖರ್ಚು ಮಾಡಿದ್ದರಲ್ಲ ಎಂಬುದೇ ನನಗೆ ಆಶ್ಚರ್ಯ. ಮೊದಲ ಬಲೆಗೇ ಕೆಂಪು ದೀಪ ಮಿಣುಕಿತು. ನೀರಿನ ಬಿಸಿ ತೋರಿಸುವ ಮುಳ್ಳು ಮಾತ್ರ 80ರಿಂದ ಅಲುಗಲಿಲ್ಲ. ಎರಡನೆಯ ಬಲೆಗೆ ಮುನ್ನ ಬಿಸಿಯ ಸ್ವಿಚ್ಚಿನ ತಲೆಯಿಂದ ವೈರನ್ನೇ ಕಿತ್ತು, ತುದಿಗೆ ಟೇಪು ಸುತ್ತಿ ಬಿಟ್ಟೆ. ವಿಂಚು ಭಾರ ಹಿಡಿದಾಗ ದೀಪ ಮತ್ತೆ ಹೊತ್ತಿತು. ಸ್ವಿಚ್ಚೇ ಇಲ್ಲದೆ ದೀಪ ಹೊತ್ತುವುದಾದರೆ ನಡುವೆ ಎಲ್ಲೋ ವೈರು ಎಂಜಿನ್ನಿನ ಮೈಗೆ ತಾಗುತ್ತಿದೆ ಎಂದೇ ಅರ್ಥ.

ತಾಂಡೇಲರಿಗೆ ಆಗಲೂ ಅನುಮಾನ ಉಳಿದಿದ್ದುದರಿಂದ, ದಡಕ್ಕೆ ಬಂದ ಮೇಲೆ ಸ್ವಿಚ್ಚನ್ನು ಅವರೆದುರಿಗೇ ಪರೀಕ್ಷಿಸಿದೆ. ನೀರು 100 ಡಿಗ್ರಿಗೆ ಕುದಿದು ಅಲ್ಲಿಗೇ ನಿಲ್ಲುತ್ತದೆ. ಅದಕ್ಕಾಗಿ ನಾನು ತೆಂಗಿನೆಣ್ಣೆಯಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ಸ್ವಿಚ್ಚನ್ನು ತಂತಿಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸುತ್ತೇನೆ. 96ರ ಸುಮಾರಿಗೆ ಸ್ವಿಚ್ಚಿಗೆ ಜೋಡಿಸಿದ್ದ ಮಲ್ಟಿಮೀಟರ್ ಕೀಚೆಂದಿತು, 90ಕ್ಕಿಂತ ಕೆಳಗಿಳಿದಾಗ ಬಿಟ್ಟಿತು. ಸ್ವಿಚ್ಚು ಚಿನ್ನದಂತಿತ್ತು. ಬೇರೊಂದು ಬೋಟಿನಲ್ಲಿ ಬಜರಿಗೆ ಕಂಡೆನ್ಸರ್ ಹಾಕಿ ಅರೆಕ್ಷಣದ ಕೂಗುಗಳನ್ನು ನುಂಗಿಸಲು ನೋಡಿದ್ದುಂಟು. ಅಲೆಗೆ ಬೋಟು ವಾಲಿ ಆಯಿಲ್ ನಿಜವಾಗಿ ಕಡಿಮೆಯಾದಾಗಲೂ ಅದು ತಡಮಾಡಿದ್ದರಿಂದ ಕಿತ್ತೆಸೆದೆ. ಯಾರೂ ಆ ದಾರಿ ಹಿಡಿಯಬಾರದು.

ತಾಗುವ ಜಾಗ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮಲ್ಟಿಮೀಟರಿನಲ್ಲಿ ಏನೂ ಕಾಣಲಿಲ್ಲ. ಎರಡೂ ತುದಿ ಕಳಚಿ ವೈರಿನ ಮೇಲ್ಪದರ ಸೋರುತ್ತದೆಯೇ ಎಂದು ನೋಡುವ 500 ವೋಲ್ಟಿನ ಮೆಗ್ಗರ್ ತಿರುಗಿಸಿದರೂ ಒಣ ವೈರು ಒಳ್ಳೆಯದೆಂದೇ ತೋರಿಸಿತು. ಆಗ ಹತ್ತಿಬಟ್ಟೆಯನ್ನು ಸಮುದ್ರದ ನೀರಿನಲ್ಲಿ ಅದ್ದಿ, ವೈರಿನ ಕಟ್ಟನ್ನು ಅಡಿಯಡಿಯಾಗಿ ಒದ್ದೆಮಾಡುತ್ತ, ಪ್ರತಿ ಸಲ ಮೆಗ್ಗರ್ ನೋಡುತ್ತ ಹೋದೆ. ಯಾವ ಕಡೆಯಿಂದ ಶುರುಮಾಡಿದರೆ ಬೇಗ ಸಿಗುತ್ತದೆ ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದು ನನ್ನ ಬಳಿಯೇ ಇರಲಿ. ಡೀಸೆಲ್ ವಾಪಸು ಬರುವ ಪೈಪಿನ ಹಿಂದೆ, ಎಂಜಿನ್ನಿಗೆ ಬೋಲ್ಟ್ ಮಾಡಿದ್ದ ಕಬ್ಬಿಣದ ಕ್ಲಾಂಪಿನ ಬಳಿ ಮೆಗ್ಗರಿನ ಮುಳ್ಳು ಥಟ್ಟನೆ ಬಿತ್ತು. ಮೇಲ್ಪದರದಲ್ಲಿ ಎಳ್ಳುಕಾಳಿನಷ್ಟು ತೂತು. ಸೀಳಿ ನೋಡಿದರೆ ತಾಮ್ರದ ಎಳೆಗಳಿಗೆ ಎರಡೂ ಕಡೆ ಗೇಣುದ್ದ ಕಿಲುಬು ಹತ್ತಿ, ಅರ್ಧಕ್ಕರ್ಧ ಎಳೆಗಳು ಉಗುರಿಗೆ ಪುಡಿಯಾದವು. ವಿಂಚು ಎಳೆಯುವಾಗ ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ತುಸು ವಾಲುತ್ತದೆ, ಆಗ ವೈರು ಬಿಗಿದು ಕ್ಲಾಂಪಿಗೆ ಒತ್ತುತ್ತದೆ. ದಕ್ಕೆಯಲ್ಲಿ ಕೂಗದಿದ್ದುದಕ್ಕೆ ಇಷ್ಟೇ ಕಾರಣ.

ತುಂಡು ಜೋಡಿಸುವ ಗೋಜಿಗೆ ಹೋಗದೆ, ತವರ ಲೇಪಿಸಿದ ತಾಮ್ರದ ಎರಡೂವರೆ ಚದರ ಎಂಎಂ ವೈರನ್ನು ಪಿವಿಸಿ ಪೈಪಿನೊಳಗೆ ಮೇಲಿನಿಂದ ತಂದು, ಎಂಜಿನ್ನಿನ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟೆ. ತುದಿಗಳಿಗೆ ಬೆಸುಗೆ ಹಾಕುವುದಿಲ್ಲ, ನಡುಕಕ್ಕೆ ಬೆಸುಗೆ ಮುಗಿದಲ್ಲೇ ಎಳೆ ಮುರಿಯುತ್ತದೆ; ತುದಿಗೆ ಲೋಹದ ಲಗ್ಗು ಒತ್ತಿ ಮೇಲೆ ನನ್ನದೇ ಒಂದು ಲೇಪ ಹಚ್ಚುತ್ತೇನೆ. ಸಾಮಾನು, ಕೂಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರದೊಳಗೆ ಮುಗಿಯಿತು. ಬಜರನ್ನು ಮತ್ತೆ ಜೋಡಿಸಿದೆ, ಎರಡು ದೀಪಗಳನ್ನು ತೆಗೆಯಲು ತಾಂಡೇಲರು ಬಿಡಲಿಲ್ಲ.

ಬರುವ ಜೂನ್–ಜುಲೈ ರಜೆಯಲ್ಲಿ ಅದೇ ಮಾಲಕರ ಇನ್ನೊಂದು ಬೋಟಿನ ಕೆಲಸ ನನಗೆ ಬಂದಿದೆ. ಕೀ ತಿರುಗಿಸಿದಾಗ, ಎಂಜಿನ್ ಶುರುವಾಗುವ ಮುನ್ನ ಕೂಗಲೇಬೇಕಾದ ಬಜರ್ ಅದರಲ್ಲಿ ಆಗಲೂ ಕೂಗುವುದಿಲ್ಲ. ಕಿರಿಕಿರಿ ತಾಳದೆ ಯಾರೋ ಪ್ಯಾನೆಲಿನ ಹಿಂದೆ ವೈರನ್ನೇ ಕತ್ತರಿಸಿದ್ದಾರೆ, ಮತ್ತು ಆ ಎಂಜಿನ್ನಿನ ಆಯಿಲ್ ಒತ್ತಡ ಎಷ್ಟಿದೆ ಎಂದು ಈಗ ಹೇಳಬಲ್ಲವರು ಯಾರೂ ಇಲ್ಲ.