ಕೀನ್ಯಾದಲ್ಲಿ ಸಹಾಯ ಮಾಡುವ ಮುಂಚೆ ಯಾರನ್ನು ಕೇಳಬೇಕು?

ನೈರೋಬಿಗೆ ಬಂದ ನಮ್ಮವರಲ್ಲಿ ಅನೇಕರಿಗೆ ಕಿಬೇರಾ, ಮಥಾರೆ, ಮುಕುರು ಕಡೆಯ ಬಡವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಊರಲ್ಲಿ ಮಾಡುವ ಹಾಗೆ ಮಗುವಿನ ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಊಟ ಹಾಕಿಸೋಣ ಅನ್ನುವುದೇ ಮೊದಲು ಹೊಳೆಯುವುದು. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ಇಲ್ಲಿನ ಆಶ್ರಮಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಮ್ಮನೋ ಅಪ್ಪನೋ ಅಜ್ಜಿಯೋ ಇದ್ದಾರೆ. ಮನೆಯಲ್ಲಿ ಊಟಕ್ಕೆ, ಓದಿಗೆ ಗತಿಯಿಲ್ಲದೆ ಅಲ್ಲಿಗೆ ಸೇರಿಸಿರುತ್ತಾರೆ. ದಾನವೆಲ್ಲ ಆಶ್ರಮಕ್ಕೇ ಹೋದರೆ ಮಗು ಮನೆಗೆ ಮರಳುವ ದಾರಿ ಇನ್ನಷ್ಟು ದೂರವಾಗುತ್ತದೆ. ಸರ್ಕಾರ 2017ರಲ್ಲೇ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. 2022ರ ಮಕ್ಕಳ ಕಾಯ್ದೆಯೂ ಆಶ್ರಮವನ್ನು ಕೊನೆಯ ದಾರಿಯಾಗಿ ಮಾತ್ರ ಒಪ್ಪುತ್ತದೆ. ಅದೇ ಹಣ ಅಜ್ಜಿಯ ಮನೆ ಬಾಡಿಗೆಗೆ, ಮಗುವಿನ ಯೂನಿಫಾರಂಗೆ ಹೋದರೆ ಮಗು ಮನೆಯಲ್ಲೇ ಬೆಳೆಯುತ್ತದೆ, ಅಲ್ವಾ?

ಅಂಥ ಮನೆ ಯಾವುದು ಅಂತ ಸರಿಯಾಗಿ ಗೊತ್ತಿರುವುದು ಕಮ್ಯುನಿಟಿ ಹೆಲ್ತ್ ಪ್ರಮೋಟರ್‌ಗಳಿಗೆ. ನಮ್ಮ ಆಶಾ ಕಾರ್ಯಕರ್ತೆಯರಂತೆಯೇ ಇವರೂ ಮನೆಮನೆಗೆ ಹೋಗುತ್ತಾರೆ. ದೇಶದಲ್ಲಿ ಸುಮಾರು 1 ಲಕ್ಷ ಜನ ಇದ್ದಾರೆ, ಒಬ್ಬೊಬ್ಬರಿಗೆ ಹೆಚ್ಚುಕಡಿಮೆ 100 ಮನೆ. 2023ರಲ್ಲಿ ಸರ್ಕಾರ ಇವರಿಗೆ ಬಿಪಿ, ಸಕ್ಕರೆ ಕಾಯಿಲೆ ನೋಡುವ ಸಾಧನಗಳಿರುವ ಕಿಟ್ ಕೊಟ್ಟಿತು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಮಾತ್ರೆ ಮುಗಿದಿದೆ ಅನ್ನುವುದು ಇವರಿಗೆ ಗೊತ್ತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಇವರ ಪರಿಚಯ ಸಿಗುತ್ತದೆ. ಜನರ ಕಾಯಿಲೆಯ ವಿವರ ಮಾತ್ರ ಕೆದಕಬೇಡಿ.

ಇನ್ನು ಕಚೇರಿಗಳ ವಿಷಯ. 2010ರ ಸಂವಿಧಾನ ದೇಶವನ್ನು 47 ಕೌಂಟಿಗಳಾಗಿ ಮಾಡಿತು. ರಾಷ್ಟ್ರಮಟ್ಟದ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟರೆ ಆಸ್ಪತ್ರೆ, ಕ್ಲಿನಿಕ್, ಅಂಗನವಾಡಿಯಂಥ ಪುಟ್ಟ ಮಕ್ಕಳ ಶಾಲೆ ಕೌಂಟಿ ಸರ್ಕಾರದ ಕೈಯಲ್ಲಿವೆ. ಪ್ರೈಮರಿ ಶಾಲೆ ಕೇಂದ್ರದ್ದು. ಆದ್ದರಿಂದ ಕ್ಲಿನಿಕ್‌ಗೆ ನೀರಿನ ಟ್ಯಾಂಕ್ ಕೊಡಬೇಕಾದರೆ ಕೌಂಟಿ ಆರೋಗ್ಯ ಕಚೇರಿಗೆ, ಶಾಲೆಗೆ ಶೌಚಾಲಯ ಕಟ್ಟಿಸಬೇಕಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲೆಯ ಆಡಳಿತ ಮಂಡಳಿಯ ಬಳಿಗೆ ಹೋಗಿ. ಏರಿಯಾದಲ್ಲಿ ಏನೇ ಮಾಡುವುದಿದ್ದರೂ ಅಲ್ಲಿನ ಆಡಳಿತಾಧಿಕಾರಿಯಾದ ಚೀಫ್‌ಗೆ ತಿಳಿಸಿ. ಇವರು ಜನ ಆರಿಸಿದವರಲ್ಲ, ಕೇಂದ್ರ ಸರ್ಕಾರ ನೇಮಿಸಿದವರು. ಅವರು ಕರೆಯುವ ಬರಾಜಾ ಅನ್ನುವ ಊರವರ ಸಭೆಗೆ ಹೋಗಿ ಸುಮ್ನೆ ಕೂತು ಕೇಳಿ. ಬಟ್ಟೆ ಹಂಚಲು ಹೋದವರಿಗೆ ಅಲ್ಲಿ ಚರಂಡಿಯೇ ದೊಡ್ಡ ಕಷ್ಟ ಅಂತ ತಿಳಿಯಬಹುದು.

ಹೆಂಗಸರ ಚಾಮಾಗಳನ್ನೂ ಮರೆಯಬೇಡಿ. ನಮ್ಮ ಸ್ತ್ರೀಶಕ್ತಿ ಸಂಘಗಳ ಹಾಗೆ ಇವರೂ ದುಡ್ಡು ಕೂಡಿಹಾಕಿ ಸದಸ್ಯರಿಗೆ ಸಾಲ ಕೊಡುತ್ತಾರೆ. ಲೆಕ್ಕ ಎಲ್ಲರ ಮುಂದೆ ನಡೆಯುತ್ತದೆ. ನನ್ನ ಮಟ್ಟಿಗೆ ಸಣ್ಣ ಸಹಾಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ದೊಡ್ಡ ಮೊತ್ತವಾದರೆ ಸಂಸ್ಥೆಯ ನೋಂದಣಿ ಪತ್ರ ಕೇಳಿ. ಸೇವಾ ಸಂಸ್ಥೆಗಳಿಗೆ ಸಂಬಂಧಿಸಿದ 2013ರ ಪಬ್ಲಿಕ್ ಬೆನಿಫಿಟ್ ಆರ್ಗನೈಸೇಷನ್ಸ್ ಕಾಯ್ದೆ ಜಾರಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ಹಳೆಯ ಎನ್‌ಜಿಒ ಮಂಡಳಿಯ ಜಾಗಕ್ಕೆ ಈಗ ಹೊಸ ಪ್ರಾಧಿಕಾರ ಬಂದಿದೆ. ಹಣವನ್ನು ಯಾರದೋ ಸ್ವಂತ ನಂಬರಿಗೆ ಹಾಕದೆ ಮೊಬೈಲ್‌ನಲ್ಲಿ ಹಣ ಕಳಿಸುವ ಎಂಪೆಸಾದಲ್ಲಿ ಸಂಸ್ಥೆಯ ಹೆಸರಿನಲ್ಲಿರುವ ಪೇಬಿಲ್ ನಂಬರಿಗೆ ಹಾಕಿ.

ನೀವೇ ದಿನಾ ಹೋಗಿ ಕೆಲಸ ಮಾಡುವುದಾದರೆ, ಸಂಬಳ ಇಲ್ಲದಿದ್ದರೂ, ಇಲ್ಲಿರಲು ನಿಮಗೆ ಕೊಟ್ಟಿರುವ ಪಾಸ್‌ನಲ್ಲಿ ಅದಕ್ಕೆ ಅವಕಾಶ ಇದೆಯೇ ಅಂತ ಮೊದಲು ಇಮಿಗ್ರೇಷನ್ ಕಚೇರಿಯಲ್ಲಿ ಕೇಳಿ. ಗಂಡನ ಅಥವಾ ಹೆಂಡತಿಯ ಪರ್ಮಿಟ್ ಮೇಲೆ ಡಿಪೆಂಡೆಂಟ್ ಪಾಸ್‌ನಲ್ಲಿ ಬಂದವರು ಇದನ್ನು ಖಂಡಿತ ವಿಚಾರಿಸಬೇಕು. ಧರ್ಮ, ದತ್ತಿ ಕೆಲಸಗಳಿಗೆಂದೇ ಕ್ಲಾಸ್ ಐ (I) ಪರ್ಮಿಟ್ ಇದೆ.